ಬಿಳಿ ಕಣಗಳ ಕಾವಲು

ಹೊಳೆ ದಂಡೆಯ ಮಠವೊಂದರಲ್ಲಿ ಚನ್ನಮಲ್ಲಜ್ಜ ಎಂಬ ಗುರುಗಳಿದ್ದರು. ಬಹಳ ವರ್ಷ ಡಾಕ್ಟರಿಕೆ ಮಾಡಿ, ಆಮೇಲೆ ಕಾವಿ ಉಟ್ಟವರು. ಮಠದ ಆಸ್ಪತ್ರೆಯನ್ನು ಈಗ ಅವರ ಶಿಷ್ಯೆ ಶಿವಲೀಲಾ ನೋಡಿಕೊಳ್ಳುತ್ತಿದ್ದಳು. ಅವಳೂ ಡಾಕ್ಟರೇ. ಜಾಣೆ, ಹಠವೂ ಅಷ್ಟೇ.

ಅಲ್ಲಿಗೆ ನಾಲ್ಕು ವರ್ಷದ ಕಸ್ತೂರಿಯನ್ನು ತಂದರು. ರಕ್ತಭೇದಿ ನಿಂತಿತ್ತು, ಅದರ ಹಿಂದೆಯೇ ಮೂತ್ರವೂ ನಿಂತಿತ್ತು. ಮುಖ ಬಾತು ಮೈ ಬಿಳಿಚಿಕೊಂಡಿತ್ತು. ಶಿವಲೀಲಾ ಡಯಾಲಿಸಿಸ್ ಶುರು ಮಾಡಿದಳು. ಸೋಂಕು ತಗುಲೀತೆಂದು ಕೋಣೆಯೊಳಗೆ ಹೊರಗಿನ ಯಾರನ್ನೂ ಬಿಡಲಿಲ್ಲ, ತಾಯಿಯನ್ನೂ.

ತಾಯಿ ಫಕೀರವ್ವ ಒಂಬತ್ತು ದಿನದಿಂದ ಬಾಗಿಲ ಹೊರಗೆ ಕೂತಿದ್ದಳು. ಪ್ರಸಾದದ ಗಂಗಾಳ ತಂದಿಟ್ಟರೆ ಎರಡು ತುತ್ತು ತಿಂದು ಸರಿಸುತ್ತಿದ್ದಳು. ತನ್ನ ಕಿವಿ ಹಿಡಿಯದೆ ಮಗಳಿಗೆ ನಿದ್ದೆ ಬರುವುದಿಲ್ಲವೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

"ಒಂದ್ಸಲ ಮುಟ್ಟಿ ಬರ್ತೀನ್ರೀ ಅಕ್ಕಾರ."

ನಾಳೆ ನೋಡೋಣ ಎಂದು ಶಿವಲೀಲಾ ದಿನಾ ದಾಟಿ ಹೋಗುತ್ತಿದ್ದಳು.

ಒಳಗೆ ಮಗು ಮಂಪರಿನಲ್ಲಿ ಅವ್ವ ಎಂದು ಕೈ ಚಾಚುತ್ತಿತ್ತು. ಶಿವಲೀಲಾ ಬಾಗಿ ತನ್ನ ಕಿವಿ ಕೊಟ್ಟಳು. ಮಗು ಒಮ್ಮೆ ಸವರಿ ನೋಡಿ ಬಿಟ್ಟುಬಿಟ್ಟಿತು. ಅವಳಿಗೆ ಅಳು ಬಂತು.

ಹತ್ತನೆಯ ದಿನ ಬೆಳಿಗ್ಗೆ ಅವಳು ಗುರುಗಳ ಮುಂದೆ ಕೂತಳು. ಭೇದಿ ತಂದ ರೋಗಾಣುವಿನ ವಿಷ ರಕ್ತಕ್ಕಿಳಿದಿದೆ, ಕಿಡ್ನಿಯ ಸಣ್ಣ ನಾಳಗಳು ಕಟ್ಟಿಕೊಂಡಿವೆ, ಅವುಗಳಲ್ಲಿ ತೂರಿ ಬರುವ ಕೆಂಪು ಕಣಗಳು ಹರಿದು ಚೂರಾಗುತ್ತಿವೆ ಎಂದಳು. ಇಷ್ಟು ತನಗೆ ಅರ್ಥವಾಗುತ್ತದೆ.

"ಆದ್ರ ಬಿಳೀ ಕಣ, ಅಜ್ಜಾರ? ಮೈ ಕಾಯಾಕ ಇರೂವಂಥವು. ಅವೂ ಕಿಡ್ನಿಗೆ ಮುತ್ತಿ ಅದನ್ನ ಹಾಳ ಮಾಡಾಕತ್ತಾವ್ರಿ."

"ಅವನ್ನ ಕರದವ್ರು ಯಾರು?"

"ಗಾಯ ಆದ ಕಿಡ್ನೀನೇ ಕರೀತು."

"ಸಿಟ್ಟಿಲೆ ಬಂದ್ವೇನು?"

"ಇಲ್ರಿ. ಕಾಯಾಕ ಬಂದ್ವು. ಸಾಕು ಅನ್ನೂದು ಅವಕ್ಕ ತಿಳೀವಲ್ದು."

ಗುರುಗಳು ಎದ್ದು ಹೋಗಿ ಒಂದು ಚರಿಗೆ ನೀರು, ಸೋಪು ತಂದರು. ಫಕೀರವ್ವನ ಎದುರು ಕುಕ್ಕರಗಾಲಲ್ಲಿ ಕೂತು, ಕೈ ಚಾಚು ಎಂದರು.

ಊರೆಲ್ಲ ಯಾರ ಪಾದ ಮುಟ್ಟುತ್ತದೋ ಅವರೇ ತನ್ನ ಕೈಗೆ ನೀರು ಹಾಕುವುದೇ ಎಂದು ಅವಳು ಹಿಂದೆ ಸರಿದಳು. ಅವರು ಬಿಡಲಿಲ್ಲ. ಮೊಣಕೈವರೆಗೆ ಮೂರು ಸಲ ತೊಳೆಸಿದರು. ಒಗೆದ ಗೌನು ತೊಡಲು ಕೊಟ್ಟರು, ಮಾಸ್ಕ್ ಕೊಟ್ಟರು.

ಶಿವಲೀಲಾ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಅಜ್ಜಾರ. ಈ ಕೂಸನ್ನ ಕಾಯಾಕ ನಾನದೀನಿ. ನಾ ಯಾರನ್ನೂ ಬಿಡಂಗಿಲ್ಲ."

ಒಳಗಿನಿಂದ ಮಗು ಅವ್ವ ಎಂದಿತು. ಫಕೀರವ್ವ ತೊಳೆದ ಕೈಗಳನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದಳು.

ಗುರುಗಳು ಶಿಷ್ಯೆಯ ತಲೆಯ ಮೇಲೆ ಮೆಲ್ಲಗೆ ಕೈಯಿಟ್ಟರು.

"ಬಿಳೀ ಕಣಾನೂ ಹಿಂಗ ಅಂತಿರಬೇಕು, ತಂಗಿ."