ಹಿಸ್ ಎಂಬ ಮಾತಿನ ತವರು

ಅಮಲ್ದಾರರಿಗೆ ಇಂಗ್ಲಿಷಿನ ಜಂಬ. ಒಮ್ಮೆ ಕತ್ತಲೆಗಟ್ಟಿದ ದಫ್ತರಖಾನೆಯಲ್ಲಿ ಜವಾನನನ್ನು ನಿಲ್ಲಿಸಿಕೊಂಡು ಗದರಿದರು.

"ಇಂಗ್ಲಿಷಿನ 'ಹಿಸ್' ಅಂದರೇನು? ಆ ಮಾತು ಹುಟ್ಟಿದ್ದೆಲ್ಲಿ? ಹೇಳದಿದ್ದರೆ ನಾಳೆಯಿಂದ ಬರಬೇಡ!"

ಜವಾನನಿಗೆ ಆ ಮಾತು ಗೊತ್ತಿರಲಿಲ್ಲ, ಸದ್ದು ಗೊತ್ತಿತ್ತು. ಕಡತ ಹುಡುಕುವವನಂತೆ ಬೀರುವಿನ ಹಿಂದೆ ಸರಿದ. ಅಲ್ಲಿಂದ ಮೆಲ್ಲಗೆ ಬಂತು, "ಹಿಸ್ಸ್ಸ್..."

ಅಮಲ್ದಾರರು ಮೇಜು ಹತ್ತಿದರು. ಪೇಟ ಕೆಳಗೆ ಬಿತ್ತು. "ಹುಳ! ಹುಳ ಕಣೋ!" ಹಾವೆಂದು ಹೆಸರೆತ್ತಿದರೆ ಎದುರಿಗೇ ಬರುತ್ತದೆಂಬ ಭಯ.

ಜವಾನ ಈಚೆ ಬಂದು ಕೈಮುಗಿದ. "ಅರ್ಥ ಆ ಸದ್ದೇ ಬುದ್ಧಿ. ಹುಟ್ಟಿದ್ದು ಹುಳದ ಬಾಯಲ್ಲಿ. ಈಗ ಬಂದದ್ದು ನನ್ನ ಬಾಯಿಂದ."

ಬೀರುವಿನ ಹಿಂದೆ ಮತ್ತೆ ಅದೇ ಸದ್ದು. ಜವಾನನ ಬಾಯಿ ಮುಚ್ಚಿತ್ತು. ಮರುಕ್ಷಣ ಅವನೂ ಮೇಜಿನ ಮೇಲಿದ್ದ.

"ನಾಳೆ ಬರಲಾ, ಬುದ್ಧಿ?"

"ಇವತ್ತು ಹೋಗೋದು ಹೇಗೆ, ಅದು ಹೇಳೋ!"