ಸಾಕಮ್ಮನ ಕೀಬೋರ್ಡು

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಪ್ರತಿ ಸೋಮವಾರ ಸಂಜೆ ಅಲ್ಲಿ ಭಜನೆ. ಆಶ್ರಮದ ಗುರು ಶಿವಲಿಂಗಾರಾಧ್ಯರು ಹಾರ್ಮೋನಿಯಂ ನುಡಿಸುವರು, ಸಾಕಮ್ಮ ಹೇಳಿಕೊಡುವಳು. ಅವಳು ಒಂದು ಸಾಲು ಹಾಡಿದರೆ ಊರೆಲ್ಲ ಅದನ್ನು ಎತ್ತಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಅವಳ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ.

ಒಂದು ವರ್ಷ ಅವಳು ಆಶ್ರಮದ ಕಡೆ ತಲೆ ಹಾಕಲಿಲ್ಲ. ಸೋಮವಾರ ಸಂಜೆಯಾದರೆ ಕಿಟಕಿ ಮುಚ್ಚಿಕೊಂಡು ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಬಂದಳು. ಕೈಯಲ್ಲಿ ಒಂದು ಚೀಟಿ.

"ಗುರುಗಳೇ, ನುಡಿಸೋದು ಕಲಿಸಿ," ಎಂದು ಪಿಸುಗುಟ್ಟಿದಳು. ಅದಕ್ಕಿಂತ ಗಟ್ಟಿಯಾಗಿ ಮಾತಾಡಲು ಅವಳಿಗೆ ಆಗುತ್ತಿರಲಿಲ್ಲ. "ಹಾರ್ಮೋನಿಯಂ ಬೇಡ. ಆಪರೇಷನ್ ಆದ್ಮೇಲೆ ಎಡಭುಜದಲ್ಲಿ ಬಲ ಇಲ್ಲ, ತಿದಿ ಒತ್ತಕ್ಕಾಗಲ್ಲ. ಕರೆಂಟಿನ ಕೀಬೋರ್ಡಿಗೆ ಬೆರಳಿದ್ರೆ ಸಾಕಂತೆ. ಅಂಗಡೀಲಿ ಮೂರು ತರ ಇವೆ, ಬರೆಸ್ಕೊಂಡು ಬಂದೆ. ಯಾವುದು ತಗೊಳ್ಳಲಿ?"

ಗುರು ಚೀಟಿ ನೋಡಿದರು. ಒಂದರಲ್ಲಿ ಆರುನೂರು ವಾದ್ಯಗಳ ಸದ್ದು. ಇನ್ನೊಂದರಲ್ಲಿ ಒತ್ತಬೇಕಾದ ಕೀ ತಾನೇ ಬೆಳಗುತ್ತದೆ. ಮೂರನೆಯದರ ಮುಂದೆ ಏನೂ ಬರೆದಿರಲಿಲ್ಲ.

"ಓದಿದ್ರೆ ತಿಳಿಯಲ್ಲಮ್ಮ. ನಡಿ, ಬಸ್ಸಿನ ಹೊತ್ತಾಯ್ತು."

ಅಂಗಡಿಯವನು ಮೊದಲನೆಯದರ ಗುಂಡಿ ಒತ್ತಿದ. ತಬಲ, ಪಿಟೀಲು, ಕೊಳಲು ಎಲ್ಲ ಒಟ್ಟಿಗೆ ಮೊಳಗಿದವು. ಸಾಕಮ್ಮನ ಮುಖ ಅರಳಿತು.

"ಇದೇ ಇರಲಿ ಗುರುಗಳೇ!"

"ಚೆನ್ನಾಗಿದೆ. ಈಗ ನುಡಿಸಿದ್ದು ಯಾರು?"

"ಪೆಟ್ಟಿಗೆ."

"ಹಾಗಾದ್ರೆ ನೀನು ಏನು ಮಾಡ್ತೀಯ?"

ಅವಳು ಎರಡನೆಯದರ ಕಡೆ ತಿರುಗಿದಳು.

ಎರಡನೆಯದರಲ್ಲಿ ಕೆಂಪು ದೀಪಗಳು ಓಡಾಡಿದವು. ಕೀಗಳು ಮಕ್ಕಳ ಆಟಿಕೆಯಷ್ಟು ಕಿರಿದು. ನಾಟಿ ಮಾಡಿ ದಪ್ಪಗಾದ ಅವಳ ಬೆರಳು ಒಂದನ್ನು ಒತ್ತಿದರೆ ಎರಡು ಕೂಗಿದವು. ಅವಳೇ ಕೈ ತೆಗೆದಳು.

ಮೂರನೆಯದು ಮೂಲೆಯಲ್ಲಿತ್ತು.

"ಅದರಲ್ಲಿ ಏನೂ ಇಲ್ಲ ಸ್ವಾಮಿ," ಎಂದ ಅಂಗಡಿಯವನು. "ಹತ್ತೇ ಸೌಂಡು. ಯಾರೂ ಕೇಳಲ್ಲ."

ಗುರು ಅದರ ಮೇಲಿನ ಧೂಳು ಒರೆಸಿದರು.

"ಸಾಕಮ್ಮ, ಒಂದೇ ಕೀ ಒತ್ತು. ಪಕ್ಕದಲ್ಲಿ ಕೂಸು ಮಲಗಿದೆ ಅಂದ್ಕೊ."

ಒತ್ತಿದಳು. ಸ್ವರ ಉಸಿರಿನಷ್ಟು ಮೆಲ್ಲಗೆ ಬಂತು.

"ಈಗ ಹೊಳೆಯ ಆಚೆ ದಡದವರನ್ನ ಕರಿ."

ಒತ್ತಿದಳು. ಅದೇ ಸ್ವರ ಅಂಗಡಿ ತುಂಬಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ತಿರುಗಿ ನೋಡಿದ.

ಸಾಕಮ್ಮ ಎದ್ದು ಮೊದಲನೆಯದರ ಹತ್ತಿರ ಹೋದಳು. ಮೆಲ್ಲಗೆ ಒತ್ತಿದಳು, ಜೋರಾಗಿ ಒತ್ತಿದಳು. ಎರಡೂ ಒಂದೇ. ಮತ್ತೆ ಮೂಲೆಗೆ ಬಂದಳು. ಕಣ್ಣು ತುಂಬಿತ್ತು.

"ಇದಕ್ಕೆ ನನ್ನ ಕೈ ತಿಳಿಯುತ್ತೆ ಗುರುಗಳೇ."

ಅದನ್ನೇ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಮೂರು ತಿಂಗಳು ದಿನಾ ಬೆಳಿಗ್ಗೆ ಕಲಿತಳು. ಅವಳೇ ಹಾಡುತ್ತಿದ್ದ ಹೊಳೆಯ ಪದ, ಅದೊಂದೇ ಪಾಠ. ತಪ್ಪುಗಳು ಒಂದೊಂದಾಗಿ ಬಿಟ್ಟುಹೋದವು. ಆದರೂ ಒಂದು ದಿನ ಅವಳು ಕೈ ಕೆಳಗಿಟ್ಟು ಅತ್ತಳು.

"ಎಲ್ಲ ಸರಿಯಾಗೇ ಬರುತ್ತೆ. ಆದ್ರೆ ನನ್ನ ಹಾಡು ಅನ್ನಿಸಲ್ಲ. ಪೆಟ್ಟಿಗೆ ಆರಿಸಿದ್ದೇ ತಪ್ಪಾಯ್ತೇನೋ."

"ಹಾಡ್ತಿದ್ದಾಗ ಉಸಿರು ಎಲ್ಲಿ ತಗೊಳ್ತಿದ್ದೆ?"

ಅವಳು ತುಟಿಯಲ್ಲೇ ಪದ ಹೇಳಿಕೊಂಡು ಆ ಜಾಗಗಳನ್ನು ತೋರಿಸಿದಳು.

"ಅಲ್ಲೆಲ್ಲ ಕೈ ಎತ್ತು."

"ಬೆರಳಿಗೆ ಯಾಕೆ ಗುರುಗಳೇ ಉಸಿರು?"

ಗುರು ಕೊಡ ತೆಗೆದುಕೊಂಡು ಹೊಳೆಗೆ ಹೋದರು. ಕೊಡ ತುಂಬಿ ಬರುವಷ್ಟರಲ್ಲಿ ಬಾಗಿಲ ತನಕ ಹಾಡು ಕೇಳುತ್ತಿತ್ತು. ಅವರು ಒಳಗೆ ಬರಲಿಲ್ಲ. ಕೊಡ ಹೊತ್ತುಕೊಂಡೇ ಹೊರಗೆ ನಿಂತು ಪೂರ್ತಿ ಕೇಳಿದರು.

"ಈ ಸೋಮವಾರ ಭಜನೆಗೆ ನೀನು ಬರಬೇಕು," ಎಂದರು.

ಸೋಮವಾರ ಸಂಜೆ ಜನ ತುಂಬಿದ್ದರು. ಸಾಕಮ್ಮ ಹಾರ್ಮೋನಿಯಂ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮೊದಲ ಸಾಲು ನುಡಿಸಿದಳು. ಉಸಿರಿನ ಜಾಗದಲ್ಲಿ ಕೈ ಎತ್ತಿದಳು.

ಯಾರೂ ಆ ಸಾಲು ಎತ್ತಿಕೊಳ್ಳಲಿಲ್ಲ.

ಆಗ ಕೊನೆಯ ಸಾಲಿನಿಂದ, ಕಣ್ಣು ಕಾಣದ ಮುದುಕಿ ಚಿಕ್ಕತಾಯಮ್ಮ ಕೂಗಿದಳು: "ಅಯ್ಯೋ, ನಮ್ ಸಾಕಮ್ಮ ಹಾಡ್ತಾವ್ಳೆ ಕಣ್ರಪ್ಪೋ!"

ಅಷ್ಟೇ. ಇಡೀ ಊರು ಆ ಸಾಲು ಎತ್ತಿಕೊಂಡಿತು. ಅವಳು ಎರಡನೆಯದು ನುಡಿಸಿದಳು, ಜನ ಹಾಡಿದರು. ಮೂರನೆಯದಕ್ಕೆ ತಲೆ ಎತ್ತಿದಳು. ಪದ ಮುಗಿಯುವಾಗ ಹೆಂಗಸರು ಎದ್ದು ನಿಂತು ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು. ಸಾಕಮ್ಮ ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆ.

ಆಗ ಗುರು ಹಾರ್ಮೋನಿಯಂ ಮುಚ್ಚಿದರು. ಎದ್ದು ಹೋಗಿ ಚಿಕ್ಕತಾಯಮ್ಮನ ಪಕ್ಕ ನೆಲದ ಮೇಲೆ ಕೂತರು.

ಸಾಕಮ್ಮ ಗಾಬರಿಯಿಂದ ಅವರ ಬಳಿಗೆ ಬಂದಳು.

"ಯಾಕೆ ಎದ್ದುಬಿಟ್ರಿ ಗುರುಗಳೇ? ನನ್ನಿಂದ ತಪ್ಪಾಯ್ತಾ?"

"ನಲವತ್ತು ವರ್ಷದಿಂದ ನುಡಿಸ್ತಾನೇ ಕೂತಿದ್ದೀನಿ, ಒಂದು ಸಲಾನೂ ಹಾಡಕ್ಕೆ ಬಿಡುವಾಗಿಲ್ಲ. ಹೋಗು, ಶುರು ಮಾಡಮ್ಮ."