ಉಗುಳುಗೆರೆ

ಕಾಟನಹಟ್ಟಿಯ ಪಡುವಲಿಗಿರುವ ಕೆರೆಯನ್ನು ಸರ್ಕಾರದ ಫಲಕ ಉಗ್ರಗೆರೆ ಎಂದು ಕರೆಯುತ್ತದೆ. ಬರೆಸಿದವರಿಗೆ ನಿಜವಾದ ಹೆಸರು ಬರೆಸಲು ನಾಚಿಕೆಯಾಗಿರಬೇಕು. ಊರವರ ಬಾಯಲ್ಲಿ ಅದು ಇಂದಿಗೂ ಉಗುಳುಗೆರೆಯೇ. ಏರಿಯ ಕೆಳಗಿನ ಜಾಲಿಪೊದೆಗಳಲ್ಲಿ ಸಾಲುಸಾಲು ಕಲ್ಲುತೊಟ್ಟಿಗಳು ಹೂತುಹೋಗಿವೆ. ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಅಲ್ಲಿ ನೀಲಿಗಿಡದ ಸೊಪ್ಪು ಕೊಳೆಸಿ ಬಣ್ಣ ತೆಗೆಯುತ್ತಿದ್ದರು ಎನ್ನುತ್ತಾರೆ.

ಮೊದಲಿಗೆ ಇದ್ದದ್ದು ನಾಲ್ಕೇ ತೊಟ್ಟಿ. ಒಂದು ವರ್ಷ ಪಾಳೆಯಗಾರರ ಪಾರುಪತ್ಯಗಾರ ಸಿಂಗರಸಯ್ಯ ಬಂದು, ನಾಲ್ಕನ್ನು ನಲವತ್ತು ಮಾಡುತ್ತೇವೆ, ಮನೆಗೊಬ್ಬರಿಗೆ ವರ್ಷವಿಡೀ ಕೆಲಸ, ಕೊಳೆನೀರನ್ನು ಕೆರೆಗೆ ಬಿಡಲು ಒಪ್ಪಿಗೆ ಕೊಟ್ಟರೆ ಸಾಕು ಎಂದ. ಗಂಡಸರು ಹಿಂದೆಮುಂದೆ ನೋಡಿದರು. ಅವರನ್ನು ಒಪ್ಪಿಸಿದವಳು ಊರಿನ ಸೂಲಗಿತ್ತಿ ಬೋರಕ್ಕ. ಸುಗ್ಗಿ ಮುಗಿದೊಡನೆ ಗಂಡ, ಮಗ ಕೂಲಿ ಹುಡುಕಿಕೊಂಡು ದೇಶಾಂತರ ಹೋಗುವುದನ್ನು ಕಂಡು ಸಾಕಾಗಿದ್ದ ಆಕೆ ಮನೆಮನೆಗೂ ಹೋಗಿ, "ಊರು ಬಿಡದೆ ಉಣ್ಣೋ ಅನ್ನ ಕಣ್ರವ್ವಾ, ಬ್ಯಾಡ ಅನ್ಬ್ಯಾಡ್ರಿ" ಎಂದಳು. ಅವಳ ಕೈಯಲ್ಲಿ ಹುಟ್ಟಿದ ಊರು ಅವಳ ಮಾತು ಮೀರಲಿಲ್ಲ.

ಕೆಲಸ ಸಿಕ್ಕಿತು, ಸುಳ್ಳಲ್ಲ. ಸೊಂಟದವರೆಗೆ ಕೊಳೆತ ಸೊಪ್ಪಿನ ನೀರಲ್ಲಿ ನಿಂತು ಬಣ್ಣ ಬಿಡುವಂತೆ ಬೆಳಗಿನಿಂದ ಬೈಗಿನವರೆಗೆ ಆ ನೀರನ್ನು ಬಡಿಯುವ ಕೆಲಸ. ಬೋರಕ್ಕನೂ ಬಡಿದಳು. ಆ ನಾತ ಸೀರೆಗೆ, ಕೂದಲಿಗೆ, ಕೊನೆಗೆ ಉಣ್ಣುವ ಮುದ್ದೆಗೂ ಹತ್ತಿತು. ಎರಡನೆಯ ವರ್ಷ ಕೆರೆಯ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು, ನೀರಿನ ಮೇಲೆ ಲೋಳೆ ಕಟ್ಟಿತು. ಬೇರೆ ನೀರಿರಲಿಲ್ಲ, ಸೋಸಿ ಕುಡಿದರು. ಬೋರಕ್ಕನ ಬಸುರಿ ಸೊಸೆ ಚಿನ್ನವ್ವ ಅದನ್ನೇ ಕುಡಿದು, ಕಾರಿ ಕಾರಿ ಸೊರಗಿ, ತಿಂಗಳು ತುಂಬುವ ಮೊದಲೇ ಹೆತ್ತಳು. ಉಸಿರಿಲ್ಲದ ಕೂಸನ್ನು ಕೈಯಲ್ಲಿ ಹಿಡಿದವಳು ಬೋರಕ್ಕನೇ. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಆ ವಾರವೇ ಸಿಂಗರಸಯ್ಯ ಇನ್ನಿಪ್ಪತ್ತು ತೊಟ್ಟಿ ಕಟ್ಟಿಸಲು ಮತ್ತೆ ಬಂದ. ತನಗೆ ಕುಡಿಯುವ ನೀರನ್ನು ಬೇರೆ ಊರಿಂದ ಹೊರಿಸಿಕೊಂಡು ಬಂದಿದ್ದ. ಬೋರಕ್ಕ ಕೆರೆಯ ನೀರನ್ನು ಚೊಂಬಿನಲ್ಲಿ ತುಂಬಿ ಅವನ ಮುಂದೆ ಹಿಡಿದು, "ನಮ್ಮೂರ ನೀರು ಬುದ್ಧೀ, ಒಂದು ಗುಟುಕು ಕುಡೀರಿ" ಎಂದಳು. ಅವನು ಮೂಗು ಮುಚ್ಚಿಕೊಂಡು, "ಅತ್ತ ಒಯ್ಯಿ! ಕೆಲಸ ಕೊಟ್ಟವರಿಗೆ ಇದೇನು ಮರ್ಯಾದೆ?" ಎಂದ. ಬೋರಕ್ಕ ಆ ನೀರನ್ನು ತಾನೇ ಬಾಯಿತುಂಬ ತೆಗೆದುಕೊಂಡು ಅವನ ಮೆಟ್ಟಿನ ಮುಂದೆ ಉಗುಳಿದಳು. "ಇದು ನಿಮ್ಮ ಕೆಲಸಕ್ಕೆ. ಊರನ್ನ ಒಪ್ಪಿಸಿದ ನನ್ನ ಬಾಯಿಗೂ ಥೂ!" ಎಂದಳು. ಚಿನ್ನವ್ವ ಮುಂದೆ ಬಂದು ಅತ್ತೆಯ ಕೈಯಿಂದ ಚೊಂಬು ತೆಗೆದುಕೊಂಡು ತಾನೂ ಉಗುಳಿದಳು. ಅವಳ ಹಿಂದೆ ಇಡೀ ಊರು ಉಗುಳಲು ಸಾಲುಗಟ್ಟಿತು. ಮರುದಿನ ತೊಟ್ಟಿಗೆ ಒಬ್ಬರೂ ಇಳಿಯಲಿಲ್ಲ. ಅವನು ಹೊಡೆಸಿದ ಚಾಟಿಯೇಟಿಗೆ ಬೋರಕ್ಕನ ಬೆನ್ನು ಸುಲಿದುಹೋಯಿತು, ಆದರೂ ಯಾರೂ ಇಳಿಯಲಿಲ್ಲ. ಕೊನೆಗೆ ಸಿಂಗರಸಯ್ಯ ಕಸುಬನ್ನೇ ಹೊಳೆಯಾಚೆಯ ಊರಿಗೆ ಒಯ್ದ. ಅಲ್ಲಿಯೂ ಮನೆಗೊಬ್ಬರಿಗೆ ಕೆಲಸ ಎಂದೇ ಹೇಳಿದನಂತೆ.

ಕೆರೆ ತಿಳಿಯಾಗಲು ಒಂದು ತಲೆಮಾರು ಹಿಡಿಯಿತು ಎನ್ನುತ್ತಾರೆ. ಈಗ ಅದರ ನೀರು ಸಿಹಿ. ಆದರೂ ಊರಿಗೆ ಬಂದ ಹೊಸ ಮದುವಣಗಿತ್ತಿ ಕೊಡ ತುಂಬುವ ಮುನ್ನ ಮೊದಲ ಬೊಗಸೆಯನ್ನು ಬಾಯಿಗೆ ಹಾಕಿ ಮೆಟ್ಟಿಲ ಮೇಲೆ ಉಗುಳುತ್ತಾಳೆ. ನೋಡಿದ ಪರಊರಿನವರು ಅಸಹ್ಯಪಟ್ಟು ಮುಖ ತಿರುಗಿಸುತ್ತಾರೆ. ಪಕ್ಕದಲ್ಲಿ ಅತ್ತೆ, ಬೋರಕ್ಕನ ಪರವಾಗಿ, ತಲೆ ತಗ್ಗಿಸಿ ನಿಂತಿರುತ್ತಾಳೆ.